ಮೊದಲು ಬೋಣಿ, ಆಮೇಲೆ ಭಾಷಣ: ಕಾಲೇಜಿನಲ್ಲಿ ವಿದ್ಯಾರ್ಥಿ ಉದ್ಯಮ ಬೆಳೆಸುವ ಸಮಗ್ರ ಮಾರ್ಗದರ್ಶಿ

ಕಾಲೇಜಿನಲ್ಲಿ ಉದ್ಯಮಶೀಲತಾ ಕೋಶ ಶುರುವಾದ ಮೊದಲ ವರ್ಷ ನಾವು ಮಾಡಿದ್ದು ಮೂರೇ ಕೆಲಸ. ದೀಪ ಬೆಳಗಿ ಉದ್ಘಾಟನೆ, ಬೆಂಗಳೂರಿನಿಂದ ಬಂದ ಅತಿಥಿಯ ಉಪನ್ಯಾಸ, ವರ್ಷದ ಕೊನೆಗೆ ಬಿಸಿನೆಸ್ ಪ್ಲಾನ್ ಸ್ಪರ್ಧೆ. ಸ್ಪರ್ಧೆಯಲ್ಲಿ ಗೆದ್ದ ಹುಡುಗ ಮುಂದಿನ ವರ್ಷ ಕಾರಿಡಾರಿನಲ್ಲಿ ಸಿಕ್ಕ. "ಏನಾಯ್ತಪ್ಪಾ ನಿನ್ನ ಪ್ಲಾನು?" ಅಂತ ಕೇಳಿದೆ. "ಅದು ಪಿಪಿಟಿಗೆ ಮಾಡಿದ್ದು ಅಲ್ವಾ ಮೇಡಂ" ಅಂದ. ಆ ಮಾತು ಮನಸ್ಸಿಗೆ ನಾಟಿತು. ಅವನ ತಪ್ಪು ಏನೂ ಇರಲಿಲ್ಲ. ಇಡೀ ವರ್ಷದಲ್ಲಿ ಒಂದು ದಿನವೂ ನಾವು ಅವನಿಗೆ ಏನನ್ನಾದರೂ ಮಾರುವ ಅವಕಾಶ ಕೊಟ್ಟಿರಲಿಲ್ಲ.

ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದ ಮೇಲೆ ಆಗುವ ಮೊದಲ ವ್ಯಾಪಾರಕ್ಕೆ ನಮ್ಮ ಕಡೆ ಬೋಣಿ ಅನ್ನುತ್ತೇವೆ. ವಿದ್ಯಾರ್ಥಿಗೂ ಒಂದು ಬೋಣಿ ಆಗಬೇಕು. ಗುರುತಿಲ್ಲದ ಒಬ್ಬರು ಜೇಬಿನಿಂದ 10 ರೂಪಾಯಿ ತೆಗೆದು ಕೊಡಬೇಕು. ಅದು ಹತ್ತು ಉಪನ್ಯಾಸಗಳಿಗಿಂತ ಜಾಸ್ತಿ ಕಲಿಸುತ್ತದೆ ಅಂತ ನನ್ನ ಅನುಭವ. ಈ ಮಾರ್ಗದರ್ಶಿಯನ್ನು ಆ ಒಂದು ನಂಬಿಕೆಯ ಮೇಲೆಯೇ ಕಟ್ಟಿದ್ದೇನೆ. ತಾಲ್ಲೂಕು ಮಟ್ಟದ ಪದವಿ ಕಾಲೇಜು, ಪಾಲಿಟೆಕ್ನಿಕ್, ಸಣ್ಣ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ದೊಡ್ಡ ಅನುದಾನ ಬೇಡ, ಹೊಸ ಕಟ್ಟಡವೂ ಬೇಡ. ಒಂದು ಕೋಣೆ, ಒಂದು ಲೆಕ್ಕದ ಪುಸ್ತಕ, ಇಬ್ಬರು ಅಧ್ಯಾಪಕರು ಇದ್ದರೆ ಶುರು ಮಾಡಬಹುದು.

ಹಂತ 1: ಪ್ರಿನ್ಸಿಪಾಲರ ಭಯಗಳಿಗೆ ಮೊದಲೇ ಉತ್ತರ ಕೊಡಿ

ಅನುಮತಿ ಕೇಳಲು ಹೋಗುವಾಗ ಕನಸಿನ ಪಟ್ಟಿ ಹಿಡಿದು ಹೋಗಬೇಡಿ. ಪ್ರಿನ್ಸಿಪಾಲರ ತಲೆಯಲ್ಲಿ ಓಡುವುದು ಬೇರೆಯೇ ಪಟ್ಟಿ. ಹಾಜರಾತಿ ಕಡಿಮೆಯಾದರೆ? ದುಡ್ಡಿನ ವಿಷಯಕ್ಕೆ ಹುಡುಗರು ಜಗಳವಾಡಿದರೆ? ತಿಂಡಿ ತಿಂದು ಯಾರಿಗಾದರೂ ಹೊಟ್ಟೆ ಕೆಟ್ಟರೆ? ಓದಲು ಕಳಿಸಿದ ಮಗ ವ್ಯಾಪಾರ ಮಾಡುತ್ತಿದ್ದಾನೆ ಅಂತ ಅಪ್ಪ ಬಂದು ಕೂತರೆ? ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ.

ಒಂದೇ ಪುಟದ ಪತ್ರ ಸಾಕು. ಅದರಲ್ಲಿ ಇಷ್ಟು ಬರೆಯಿರಿ: ಮಾರಾಟ ತಿಂಗಳಿಗೆ ಒಂದೇ ದಿನ, ಊಟದ ಬಿಡುವಿನಿಂದ ಸಂಜೆ 4 ಗಂಟೆವರೆಗೆ. ಇಂಟರ್ನಲ್ಸ್ ನಡೆಯುವ ವಾರ ಏನೂ ಇರುವುದಿಲ್ಲ. ಒಂದು ತಂಡದ ಬಂಡವಾಳ 1,000 ರೂಪಾಯಿ ಮೀರುವಂತಿಲ್ಲ. ಮನೆಯವರಿಗೆ ತಿಳಿಸಿದ ಒಪ್ಪಿಗೆ ಚೀಟಿ ಇರುತ್ತದೆ. ಇಬ್ಬರು ಅಧ್ಯಾಪಕರು ಸ್ಥಳದಲ್ಲೇ ಇರುತ್ತಾರೆ. ಇಷ್ಟು ನೋಡಿದರೆ ಹೆಚ್ಚಿನವರು ಸಹಿ ಹಾಕುತ್ತಾರೆ.

ಇನ್ನೊಬ್ಬರನ್ನು ಮಾತ್ರ ಮರೆಯಬೇಡಿ. ಕ್ಯಾಂಟೀನ್ ಗುತ್ತಿಗೆದಾರರು. ಕ್ಯಾಂಪಸ್ಸಿನಲ್ಲಿ ತಿಂಡಿ ಮಾರುವ ಹಕ್ಕು ತಮಗೊಬ್ಬರಿಗೇ ಅಂತ ಅವರ ಕರಾರಿನಲ್ಲಿ ಇರಬಹುದು. ಮೊದಲೇ ಹೋಗಿ ಮಾತಾಡಿ, ಯಾವ ದಿನ, ಏನೇನು ಮಾರುತ್ತೇವೆ ಅಂತ ಹೇಳಿ. ನಾವು ಹೇಳದೇ ಮಾಡಿ ಒಂದು ಸಲ ಇಡೀ ಕಾರ್ಯಕ್ರಮವನ್ನೇ ಮಧ್ಯಾಹ್ನ ನಿಲ್ಲಿಸಬೇಕಾಯಿತು. ಮಕ್ಕಳು ಮಾಡಿಟ್ಟಿದ್ದ ಕೋಸಂಬರಿಯನ್ನು ಕೊನೆಗೆ ಹಾಸ್ಟೆಲಿಗೆ ಹಂಚಿದೆವು.

ಹಂತ 2: ಐಡಿಯಾ ಕೇಳಬೇಡಿ, ತೊಂದರೆ ಬರೆಸಿ

"ನಿಮ್ಮ ಐಡಿಯಾ ಹೇಳಿ" ಅಂದರೆ ಹುಡುಗರು ಹಿಂದಿನ ರಾತ್ರಿ ಫೋನಿನಲ್ಲಿ ನೋಡಿದ್ದನ್ನೇ ಹೇಳುತ್ತಾರೆ. ಡ್ರೋನ್, ಆ್ಯಪ್, ಎಐ. ಅದರ ಬದಲು ಸೆಮಿಸ್ಟರ್ ಶುರುವಾದ ಎರಡನೇ ವಾರ ಆಸಕ್ತಿ ಇರುವ ಪ್ರತಿಯೊಬ್ಬರಿಗೂ 40 ಪುಟದ ಒಂದು ನೋಟ್‌ಬುಕ್ ಕೊಡಿ. ಎರಡು ವಾರ, ದಿನಕ್ಕೆ ಒಂದು ತೊಂದರೆ ಬರೆಯಬೇಕು. ಮನೆಯಲ್ಲಿ, ಬಸ್ಸಿನಲ್ಲಿ, ಹೊಲದಲ್ಲಿ, ಹಾಸ್ಟೆಲಿನಲ್ಲಿ ಕಣ್ಣಾರೆ ಕಂಡಿದ್ದೇ ಆಗಿರಬೇಕು. ಪ್ರತಿ ತೊಂದರೆಯ ಕೆಳಗೆ ಮೂರು ಸಾಲು: ಯಾರಿಗೆ ಈ ತೊಂದರೆ? ಈಗ ಅವರು ಏನು ಮಾಡುತ್ತಾರೆ? ಅದಕ್ಕೆ ಎಷ್ಟು ದುಡ್ಡು ಅಥವಾ ಎಷ್ಟು ಹೊತ್ತು ಖರ್ಚಾಗುತ್ತದೆ?

ಮೂರನೇ ಸಾಲೇ ಮುಖ್ಯ. ದುಡ್ಡೋ ಹೊತ್ತೋ ಖರ್ಚಾಗದ ತೊಂದರೆಗೆ ಪರಿಹಾರ ಕೊಟ್ಟರೆ ಜನ ಚಪ್ಪಾಳೆ ತಟ್ಟುತ್ತಾರೆ, ಕೊಳ್ಳುವುದಿಲ್ಲ.

ಪ್ರಾಕ್ಟೋ ಕಂಪನಿಯ ಕಥೆಯನ್ನು ಇಲ್ಲಿ ಹೇಳುತ್ತೇನೆ, ಮಕ್ಕಳಿಗೆ ಚೆನ್ನಾಗಿ ಹಿಡಿಸುತ್ತದೆ. ಸುರತ್ಕಲ್‌ನ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಶಶಾಂಕ್ ಎನ್.ಡಿ. ಮತ್ತು ಅಭಿನವ್ ಲಾಲ್ 2008ರಲ್ಲಿ ಅದನ್ನು ಶುರು ಮಾಡಿದರು. ಶಶಾಂಕ್ ಅವರ ತಂದೆಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಅಮೆರಿಕದ ವೈದ್ಯರೊಬ್ಬರ ಅಭಿಪ್ರಾಯ ಕೇಳೋಣ ಅಂದರೆ, ಇಲ್ಲಿನ ದಾಖಲೆಗಳು ಕಳಿಸುವ ರೂಪದಲ್ಲೇ ಇರಲಿಲ್ಲ. ಮನೆಯೊಳಗಿನ ಒಂದು ಪರದಾಟ. ಅದರಿಂದ ವೈದ್ಯರ ಕ್ಲಿನಿಕ್ಕಿಗೆ ಬೇಕಾದ ಸಾಫ್ಟ್‌ವೇರ್ ಹುಟ್ಟಿತು. ಇಂಥ ಪರದಾಟ ಪ್ರತಿ ಮನೆಯಲ್ಲೂ ಒಂದಾದರೂ ಇರುತ್ತದೆ. ನೋಟ್‌ಬುಕ್ಕಿನ ಕೆಲಸ ಅದನ್ನು ಕಣ್ಣಿಗೆ ಬೀಳಿಸುವುದು.

ನಮ್ಮಲ್ಲಿ ಬಂದ ಕೆಲವು: ರೆಕಾರ್ಡ್ ಬುಕ್ ಬೈಂಡಿಂಗಿಗೆ ಪೇಟೆಗೆ ಹೋಗಿ ಅರ್ಧ ದಿನ ಹಾಳಾಗುವುದು. ಪಾಸಾದವರ ಮನೆಯಲ್ಲಿ ಧೂಳು ಹಿಡಿಯುವ ಪಠ್ಯಪುಸ್ತಕಗಳು. ಅಮ್ಮ ಮಾಡುವ ರೊಟ್ಟಿ ಚಟ್ನಿಪುಡಿ ಹಾಸ್ಟೆಲಿನಲ್ಲಿ ಸಿಗದಿರುವುದು. ಊರಿನ ಅಂಗಡಿಯವರಿಗೆ ಹಬ್ಬದ ಆಫರಿನ ಪೋಸ್ಟರ್ ಮಾಡಿಕೊಡುವವರು ಇಲ್ಲದಿರುವುದು. ಒಂದಕ್ಕೂ ದೊಡ್ಡ ತಂತ್ರಜ್ಞಾನ ಬೇಕಿಲ್ಲ, ನೋಡಿ.

ನೋಟ್‌ಬುಕ್ ಮುಗಿದ ಮೇಲೆ ಗಿರಾಕಿಯನ್ನು ಮಾತಾಡಿಸಲು ಕಳಿಸಿ. ಇಲ್ಲಿ ಒಂದು ಎಚ್ಚರ ಬೇಕು. "ನಾವು ಇದನ್ನು ಮಾಡಿದರೆ ತಗೋತೀರಾ?" ಅಂತ ಕೇಳಿದರೆ ನಮ್ಮ ಜನ ಮುಖ ಮುರಿಯುವುದಿಲ್ಲ. "ಓಹೋ, ತಗೋತೀವಿ" ಅಂದುಬಿಡುತ್ತಾರೆ. ಅದನ್ನು ನಂಬಬಾರದು. "ಹೋದ ಸಲ ಈ ಕೆಲಸ ಹೇಗೆ ಮಾಡಿಸಿದಿರಿ, ಎಲ್ಲಿ, ಎಷ್ಟು ಕೊಟ್ಟಿರಿ?" ಅಂತ ಕೇಳಬೇಕು. ನಡೆದುಹೋದದ್ದರ ಬಗ್ಗೆ ಜನ ನಿಜ ಹೇಳುತ್ತಾರೆ. ಕನಿಷ್ಠ 15 ಜನರನ್ನು ಹೀಗೆ ಮಾತಾಡಿಸಿ ಬರೆದುಕೊಂಡು ಬಂದ ತಂಡಕ್ಕೆ ಮಾತ್ರ ಮುಂದಿನ ಹಂತ.

ಹಂತ 3: ತಂಡ ಕಟ್ಟುವಾಗಲೇ ಕರಾರು ಬರೆಸಿ

ಎರಡು ಅಥವಾ ಮೂರು ಜನ. ನಾಲ್ಕನೆಯವರು ಬಂದರೆ ಒಬ್ಬರು ಸುಮ್ನೆ ನಿಂತಿರುತ್ತಾರೆ. ಅಧ್ಯಾಪಕರು ತಂಡ ಮಾಡಿಕೊಡಬೇಡಿ, ಅವರೇ ಹುಡುಕಿಕೊಳ್ಳಲಿ.

ಆದರೆ ಒಂದು ಪುಟದ ಕರಾರು ಮಾತ್ರ ಬೇಕೇ ಬೇಕು. ಯಾರು ಎಷ್ಟು ಹಾಕಿದರು, ಲಾಭ ಹೇಗೆ ಹಂಚಿಕೆ, ನಷ್ಟ ಆದರೆ ಯಾರಿಗೆ, ಒಬ್ಬರು ಬಿಟ್ಟು ಹೋದರೆ ಏನು, ಹೆಸರು ಯಾರದು. ಐದು ಸಾಲು, ಎಲ್ಲರ ಸಹಿ. ಗೆಳೆಯರ ನಡುವೆ ಇದೆಲ್ಲ ಯಾಕೆ ಅಂತ ಮುಜುಗರ ಪಡುತ್ತಾರೆ. ಗೆಳೆತನ ಉಳಿಯಲಿ ಅಂತಲೇ ಇದು ಅಂತ ಹೇಳಿ. ಮೊದಲ ವರ್ಷದವರಲ್ಲಿ ಕೆಲವರಿಗೆ 18 ತುಂಬಿರುವುದಿಲ್ಲ. ಅವರು ಮಾಡುವ ಕರಾರಿಗೆ ಕಾನೂನಿನ ಬಲ ಇಲ್ಲ. ಹಾಗಾಗಿ ಇದು ಕಲಿಕೆಯ ಕಾಗದ ಅಷ್ಟೇ. ಮುಂದೆ ನಿಜವಾದ ಪಾಲುದಾರಿಕೆ ಪತ್ರ ಮಾಡಿಸುವಾಗ ವಯಸ್ಸು ನೋಡಿಕೊಳ್ಳಬೇಕು.

ಹಂತ 4: ತಿಂಗಳ ಸಂತೆ

ಕಾಲೇಜಿನ ಸಂತೆಯೇ ಈ ಕೆಲಸದ ಜೀವಾಳ. ವರ್ಷಕ್ಕೊಂದು ದೊಡ್ಡ ಮೇಳಕ್ಕಿಂತ ತಿಂಗಳಿಗೊಂದು ಸಣ್ಣ ಸಂತೆ ಎಷ್ಟೋ ಮೇಲು. ಮೇಳದಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಮುಂದಿನ ವರ್ಷದವರೆಗೆ ಕಾಯಬೇಕು. ಸಂತೆಯಲ್ಲಿ ನಾಲ್ಕೇ ವಾರ.

ಪೆಂಡಾಲ್ ಬೇಡ, ಫ್ಲೆಕ್ಸ್ ಬೇಡ, ಅತಿಥಿ ಬೇಡ. ಕ್ಲಾಸಿನ ಡೆಸ್ಕುಗಳೇ ಅಂಗಡಿ. ಬಂಡವಾಳವನ್ನು ಹಳೆ ವಿದ್ಯಾರ್ಥಿಗಳ ಸಂಘದಿಂದ ಕೇಳಿ. 10 ತಂಡಕ್ಕೆ ತಲಾ 1,000 ಅಂದರೆ 10,000 ರೂಪಾಯಿ. ಅದನ್ನು ಕೈಗಡವಾಗಿ ಕೊಡಿ, ಬಡ್ಡಿ ಇಲ್ಲ, ಆದರೆ ಮೂರು ಸಂತೆಯೊಳಗೆ ಅಸಲು ವಾಪಸ್ ಬರಬೇಕು. ಬಹುಮಾನದ ದುಡ್ಡನ್ನು ಮಕ್ಕಳು ಸಲೀಸಾಗಿ ಖರ್ಚು ಮಾಡುತ್ತಾರೆ. ಹಿಂತಿರುಗಿಸಬೇಕಾದ ದುಡ್ಡನ್ನು ಎಣಿಸಿ ಎಣಿಸಿ ಬಳಸುತ್ತಾರೆ.

ಸಂತೆಯನ್ನು ಹಗಲಲ್ಲೇ ಇಡಿ. ಇದನ್ನು ಒತ್ತಿ ಹೇಳುತ್ತೇನೆ. ಸಂಜೆ ಇಟ್ಟರೆ ಹಳ್ಳಿಯ ಕೊನೆ ಬಸ್ಸು ಹಿಡಿಯುವವರು, ಹಾಸ್ಟೆಲಿನ ಹುಡುಗಿಯರು ತಾವಾಗಿಯೇ ಹೊರಗುಳಿಯುತ್ತಾರೆ. ಆಮೇಲೆ "ಹುಡುಗಿಯರಿಗೆ ಆಸಕ್ತಿ ಇಲ್ಲ" ಅಂತ ನಾವೇ ವರದಿ ಬರೆಯುತ್ತೇವೆ. ನಮ್ಮಲ್ಲಿ ಸಮಯ ಬದಲಿಸಿದ ತಿಂಗಳೇ ಅರ್ಧಕ್ಕಿಂತ ಜಾಸ್ತಿ ತಂಡಗಳು ಹುಡುಗಿಯರದಾದವು.

ಭಾಷೆಯೂ ಅಷ್ಟೇ. ಕನ್ನಡ ಮಾಧ್ಯಮದಿಂದ ಬಂದ ಹುಡುಗ ಗಿರಾಕಿಯ ಮುಂದೆ ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಾನೆ. ಅವನನ್ನೇ ವೇದಿಕೆಗೆ ಕರೆದು ಇಂಗ್ಲಿಷಿನಲ್ಲಿ ಐದು ನಿಮಿಷ ಹೇಳು ಅಂದರೆ ಬೆವರುತ್ತಾನೆ. ಯಾಕೆ ಆ ಶಿಕ್ಷೆ? ಯೋಜನೆ, ಲೆಕ್ಕ, ವಿವರಣೆ ಎಲ್ಲ ಕನ್ನಡದಲ್ಲೇ ಇರಲಿ. ಮುಂದೆ ಬೆಂಗಳೂರಿನಲ್ಲಿ ಇಂಗ್ಲಿಷ್ ಬೇಕಾದಾಗ ಕಲಿಯುತ್ತಾರೆ, ಆಗ ಹೇಳಲು ಅವರ ಬಳಿ ವಿಷಯ ಇರುತ್ತದೆ.

ಹಂತ 5: ಸಂತೆಯ ಮರುದಿನ ಲೆಕ್ಕಕ್ಕೆ ಕೂರಿ

ಸಂತೆ ತಪ್ಪಿದರೂ ಪರವಾಗಿಲ್ಲ, ಈ ಹಂತ ತಪ್ಪಬಾರದು. ಒಂದು ನಿಜವಾದ ಲೆಕ್ಕವನ್ನೇ ತೋರಿಸುತ್ತೇನೆ.

ಬಿ.ಕಾಂ ಎರಡನೇ ವರ್ಷದ ಇಬ್ಬರು ಹುಡುಗಿಯರು ಮಸಾಲೆ ಮಜ್ಜಿಗೆ ಮಾರಿದರು. ಲೋಟಕ್ಕೆ 10 ರೂಪಾಯಿ. ಮರುದಿನ ಓಡಿ ಬಂದು, "ಮೇಡಂ, 268 ರೂಪಾಯಿ ಲಾಭ!" ಅಂದರು. ಮುಖ ಅರಳಿತ್ತು. ಕೂತು ಬರೆಯೋಣ ಅಂದೆ.

ಅವರ ಲೆಕ್ಕ ಹೀಗಿತ್ತು. ನಾಲ್ಕು ಲೀಟರ್ ಮೊಸರು, ಲೀಟರಿಗೆ 50ರಂತೆ 200 ರೂಪಾಯಿ. ಶುಂಠಿ, ಹಸಿಮೆಣಸು, ಕೊತ್ತಂಬರಿ, ಕರಿಬೇವು, ಇಂಗು ಎಲ್ಲ ಸೇರಿ 60. ಪೇಪರ್ ಲೋಟ 60ಕ್ಕೆ 72. ಒಟ್ಟು 332. ಆಗುವುದು 60 ಲೋಟ, ಅಂದರೆ 600 ರೂಪಾಯಿ. ಕಳೆದರೆ 268.

"ಐಸ್ ಎಲ್ಲಿಂದ ಬಂತು?" ಅಂತ ಕೇಳಿದೆ. 40 ರೂಪಾಯಿ, ಒಬ್ಬಳು ಪರ್ಸಿನಿಂದ ಕೊಟ್ಟಿದ್ದಳು. "ಮೊಸರು ಹೇಗೆ ತಂದಿರಿ?" ಆಟೋ, 60 ರೂಪಾಯಿ, ಇನ್ನೊಬ್ಬಳ ಅಣ್ಣ ಕೊಟ್ಟಿದ್ದ. ಖರ್ಚು 432ಕ್ಕೆ ಏರಿತು. "ಎಷ್ಟು ಲೋಟ ಮಾರಿದಿರಿ?" ಸ್ವಲ್ಪ ಹೊತ್ತು ಮಾತಿಲ್ಲ. 48. ಉಳಿದ 12ರಲ್ಲಿ ಕೆಲವನ್ನು ಗೆಳತಿಯರು ಕುಡಿದಿದ್ದರು, ಉಳಿದದ್ದು ಸಿಂಕಿಗೆ ಹೋಗಿತ್ತು. ಬಂದ ದುಡ್ಡು 480. ನಿಜವಾಗಿ ಉಳಿದದ್ದು 48 ರೂಪಾಯಿ. ಇಬ್ಬರೂ ತಲಾ ಮೂರು ಗಂಟೆ ದುಡಿದಿದ್ದರು. ಗಂಟೆಗೆ 8 ರೂಪಾಯಿ ಸಂಪಾದನೆ.

ಒಬ್ಬಳ ಕಣ್ಣಲ್ಲಿ ನೀರು ಬಂತು. ನಾನು ಸಮಾಧಾನದ ಮಾತು ಹೇಳಲಿಲ್ಲ, ಪೆನ್ನು ಅವಳ ಕೈಗೆ ಕೊಟ್ಟೆ. ಯಾವ ಸಾಲು ಹೊಡೆದು ಹಾಕಬಹುದು, ನೀನೇ ನೋಡು ಅಂದೆ. ಹತ್ತು ನಿಮಿಷದಲ್ಲಿ ಎರಡು ಸಾಲು ಹೊಡೆದಳು. ಆಟೋ ಬೇಡ, ಕಾಲೇಜು ಗೇಟಿನ ಹಾಲಿನ ಬೂತಿನವರಿಗೆ ಹಿಂದಿನ ದಿನವೇ ಹೇಳಿಡುವುದು. ಪೇಪರ್ ಲೋಟ ಬೇಡ, ಹಾಸ್ಟೆಲಿನ ಸ್ಟೀಲ್ ಲೋಟ ಕೇಳಿ ತಂದು ಬಿಸಿನೀರಲ್ಲಿ ತೊಳೆಯುವುದು. ಜೊತೆಗೆ ಹಿಂದಿನ ರಾತ್ರಿಯೇ ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಆರ್ಡರ್ ತೆಗೆದುಕೊಳ್ಳುವುದು. ಮುಂದಿನ ಸಂತೆಗೆ ಖರ್ಚು 300, ಮಾರಿದ್ದು 57 ಲೋಟ, ಉಳಿದದ್ದು 270. ಮೊದಲ ಸಲ ತಪ್ಪಾಗಿ ಹೇಳಿದ್ದ ಲಾಭ ಎರಡನೇ ಸಲ ನಿಜವಾಯಿತು.

ಪ್ರತಿ ತಂಡದೊಂದಿಗೂ ಹೀಗೆ ಅರ್ಧ ಗಂಟೆ ಕೂರಬೇಕು. ಕೇಳಬೇಕಾದ ಪ್ರಶ್ನೆಗಳು ಇಷ್ಟೇ: ಮನೆಯವರು ಕೊಟ್ಟದ್ದು ಏನೇನು? ಮಾರದೆ ಉಳಿದದ್ದು ಎಷ್ಟು? ಉದ್ರಿ ಎಷ್ಟು, ಯಾರಿಗೆ? ನಿಮ್ಮ ದುಡಿಮೆ ಎಷ್ಟು ಗಂಟೆ? ಉದ್ರಿ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಕ್ಲಾಸ್‌ಮೇಟುಗಳ ಹತ್ತಿರ ದುಡ್ಡು ಕೇಳಲು ಸಂಕೋಚ ಪಟ್ಟೇ ಎಷ್ಟೋ ತಂಡ ಮುಳುಗುತ್ತದೆ.

ಹಂತ 6: ಕಾಗದ ಪತ್ರ, ಬೇಕಾದಷ್ಟು ಮಾತ್ರ

ಮೂರು ಸಂತೆ ದಾಟಿ ಹೊರಗಿನವರಿಗೂ ಮಾರಲು ಶುರು ಮಾಡಿದ ತಂಡಕ್ಕೆ ಮಾತ್ರ ಇದು. ಮೊದಲ ದಿನವೇ ಕಂಪನಿ ನೋಂದಣಿ ಮಾಡಿಸುವ ಹುರುಪು ಬೇಡ. ಪ್ರೈವೇಟ್ ಲಿಮಿಟೆಡ್ ಮಾಡಿದರೆ ವ್ಯಾಪಾರ ಇರಲಿ ಬಿಡಲಿ, ಪ್ರತಿ ವರ್ಷ ಆಡಿಟ್, ರಿಟರ್ನ್ಸ್ ಖರ್ಚು ಇದ್ದೇ ಇರುತ್ತದೆ.

ವ್ಯಾಪಾರದ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್ ಕೋಡ್ ಮಾಡಿಸಿ. ಅಪ್ಪ ಕಳಿಸಿದ ಹಾಸ್ಟೆಲ್ ಫೀಸೂ ಗಿರಾಕಿಯ ದುಡ್ಡೂ ಒಂದೇ ಖಾತೆಗೆ ಬಿದ್ದರೆ ಲೆಕ್ಕ ಯಾವತ್ತೂ ಸಿಗುವುದಿಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ನೋಟಿಸ್ ಬಂದಾಗ, ಮನೆ ದುಡ್ಡೂ ಅಂಗಡಿ ದುಡ್ಡೂ ಬೆರೆತವರು ಎಷ್ಟು ಕಷ್ಟಪಟ್ಟರು ಅಂತ ನೆನಪಿದೆ ಅಲ್ವಾ? ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ವಿದ್ಯಾರ್ಥಿ ತಂಡ ಅಲ್ಲಿಗೆ ಬೇಗ ಮುಟ್ಟುವುದಿಲ್ಲ. ಆದರೆ ಬೇರೆ ರಾಜ್ಯಕ್ಕೆ ಸರಕು ಕಳಿಸುವಾಗ, ಆನ್‌ಲೈನ್ ಮಾರಾಟ ತಾಣಗಳ ಮೂಲಕ ಮಾರುವಾಗ ನಿಯಮ ಬೇರೆ ಇರುತ್ತದೆ. ಆಗ ಹಳೆ ವಿದ್ಯಾರ್ಥಿಗಳಲ್ಲಿ ಲೆಕ್ಕ ಪರಿಶೋಧಕರು ಯಾರಾದರೂ ಇದ್ದರೆ ಕೇಳಿಯೇ ಮುಂದುವರಿಯಿರಿ.

ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಸರ್ಕಾರದ ಪೋರ್ಟಲಿನಲ್ಲಿ ನಾವೇ ಮಾಡಬಹುದು. ದುಡ್ಡು ಕೇಳುವ ಏಜೆಂಟರ ವೆಬ್‌ಸೈಟುಗಳು ಬೇಕಾದಷ್ಟಿವೆ, ಮಕ್ಕಳಿಗೆ ಮೊದಲೇ ಹೇಳಿಡಿ. ಆಹಾರ ಪದಾರ್ಥವನ್ನು ನಿಯಮಿತವಾಗಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಮೂಲ ನೋಂದಣಿ ಮಾಡಿಸಬೇಕು. ಹೆಸರು ಊರಲ್ಲಿ ಓಡಲು ಶುರುವಾದರೆ, ಬೇರೆಯವರು ಅದನ್ನು ಬಳಸದಂತೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಬಹುದು. ಆನ್‌ಲೈನಿನಲ್ಲಿ ವ್ಯಕ್ತಿಗಳಿಗೆ ಸರಕಿನ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ.

ಹಂತ 7: ಕಾಲೇಜಿನ ನಿಯಮವನ್ನು ಬರೆದಿಡಿ

ಕೇಂದ್ರ ಶಿಕ್ಷಣ ಸಚಿವಾಲಯ (ಆಗ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ) 2019ರಲ್ಲಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಅನ್ವಯಿಸುವ ರಾಷ್ಟ್ರೀಯ ನಾವೀನ್ಯ ಮತ್ತು ಸ್ಟಾರ್ಟ್‌ಅಪ್ ನೀತಿಯನ್ನು ತಂದಿದೆ. ಸ್ಟಾರ್ಟ್‌ಅಪ್ ನಡೆಸುವ ವಿದ್ಯಾರ್ಥಿಗೆ ಹಾಜರಾತಿಯಲ್ಲಿ ಸಡಿಲಿಕೆ, ಬೇಕಿದ್ದರೆ ಓದಿಗೆ ಬಿಡುವು ಪಡೆದು ಮತ್ತೆ ಸೇರುವ ಅವಕಾಶ, ಕ್ರೆಡಿಟ್ ಕೊಡುವುದು ಇವೆಲ್ಲ ಅದರಲ್ಲಿವೆ. ಕಾಲೇಜಿನ ಸೌಲಭ್ಯ, ಹೆಸರು, ಅಧ್ಯಾಪಕರ ಸಹಾಯ ಬಳಸಿದ್ದರೆ ಸಂಸ್ಥೆ ಆ ಸ್ಟಾರ್ಟ್‌ಅಪ್‌ನಲ್ಲಿ ಶೇ. 2ರಿಂದ 9.5ರವರೆಗೆ ಪಾಲು ತೆಗೆದುಕೊಳ್ಳಬಹುದು ಅಂತಲೂ ಇದೆ. ಇದನ್ನು ನಿಮ್ಮ ಕಾಲೇಜಿಗೆ ಹೊಂದುವಂತೆ ಎರಡು ಪುಟದಲ್ಲಿ ಬರೆದು ಆಡಳಿತ ಮಂಡಳಿಯಿಂದ ಒಪ್ಪಿಗೆ ಪಡೆಯಿರಿ. ಲ್ಯಾಬಿನಲ್ಲಿ ಮಾಡಿದ ಸಾಧನದ ಹಕ್ಕು ಯಾರದು ಅನ್ನುವುದು ಕಾಗದದಲ್ಲಿ ಇಲ್ಲದಿದ್ದರೆ ಜಗಳ ಬರುವುದು ಸಾಧನ ಗೆದ್ದಾಗಲೇ.

ಹಂತ 8: ಗುರುಗಳನ್ನು ಪೇಟೆಯಲ್ಲೇ ಹುಡುಕಿ

ಬೆಂಗಳೂರಿನ ಹೂಡಿಕೆದಾರರು ಬಂದು ಮಾತಾಡಿದರೆ ಸಂತೋಷವೇ. ಆದರೆ ಮಕ್ಕಳಿಗೆ ವಾರವಾರ ಬೇಕಾಗುವವರು ಬೇರೆ. ಬಸ್ ಸ್ಟ್ಯಾಂಡ್ ಎದುರು 30 ವರ್ಷದಿಂದ ಬೇಕರಿ ನಡೆಸುವವರು. ಪ್ರಿಂಟಿಂಗ್ ಪ್ರೆಸ್ಸಿನ ಮಾಲೀಕರು. ಎಪಿಎಂಸಿಯ ದಲ್ಲಾಳಿ. ಹಪ್ಪಳ ಸಂಡಿಗೆ ಮಾಡುವ ಸ್ವಸಹಾಯ ಸಂಘದ ಅಕ್ಕಂದಿರು. ಅವರನ್ನು ವೇದಿಕೆಗೆ ಕರೆಯಬೇಡಿ, ತಂಡವನ್ನೇ ಅವರ ಅಂಗಡಿಗೆ ಕಳಿಸಿ. ಒಂದು ಮಧ್ಯಾಹ್ನ ಗಲ್ಲಾಪೆಟ್ಟಿಗೆ ಪಕ್ಕ ನಿಂತು ನೋಡಿದರೆ ಸಾಕು. ಯಾವ ಗಿರಾಕಿಗೆ ಉದ್ರಿ ಕೊಡಬೇಕು, ಯಾವ ಸರಕು ಸೋಮವಾರ ತರಿಸಬಾರದು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಹಂತ 9: ಮುಂದಕ್ಕೆ ಹೋಗುವವರಿಗೆ ದಾರಿ ತೋರಿಸಿ

ಹತ್ತು ತಂಡದಲ್ಲಿ ಒಂದೋ ಎರಡೋ ಕ್ಯಾಂಪಸ್ ದಾಟುತ್ತವೆ. ಅಳತೆ ಸುಲಭ: ಗುರುತಿಲ್ಲದ ಗಿರಾಕಿ ಎರಡನೇ ಸಲ ಬಂದು ಕೊಂಡಿದ್ದಾನಾ? ಹೌದಾದರೆ ಹೊರಗಿನ ಬಾಗಿಲು ತಟ್ಟಬಹುದು.

ಬೆಂಗಳೂರಿನ ಆಚೆಯ ಕಾಲೇಜುಗಳಿಗೆ ಅಂತಲೇ ರಾಜ್ಯ ಸರ್ಕಾರದ ನ್ಯೂ ಏಜ್ ಇನ್‌ಕ್ಯುಬೇಷನ್ ನೆಟ್‌ವರ್ಕ್ ಯೋಜನೆ ಇದೆ. ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ 3 ಲಕ್ಷ ರೂಪಾಯಿವರೆಗೆ ನೆರವು ಕೊಟ್ಟ ಯೋಜನೆ ಅದು. ನಿಮ್ಮ ಕಾಲೇಜು ಅದರಲ್ಲಿ ಇಲ್ಲದಿದ್ದರೆ ಜಿಲ್ಲೆಯಲ್ಲಿ ಯಾವುದು ಇದೆ ಅಂತ ವಿಚಾರಿಸಿ. ರಾಜ್ಯ ಸರ್ಕಾರವೇ 2017ರಲ್ಲಿ ಶುರು ಮಾಡಿದ ಎಲಿವೇಟ್ ಕಾರ್ಯಕ್ರಮದಲ್ಲಿ ಆಯ್ಕೆಯಾದ ಸ್ಟಾರ್ಟ್‌ಅಪ್‌ಗೆ 50 ಲಕ್ಷದವರೆಗೆ ಅನುದಾನ ಸಿಗುತ್ತದೆ, ಆದರೆ ಅದು ನೋಂದಾಯಿತ ಸ್ಟಾರ್ಟ್‌ಅಪ್ ಆದವರಿಗೆ. ಉತ್ತರ ಕರ್ನಾಟಕದವರಿಗೆ ಹೊಸ ಉದ್ಯಮಗಳನ್ನು ಬೆಳೆಸುವ ಕೇಂದ್ರವಾದ ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟ್‌ಅಪ್ಸ್ ಹತ್ತಿರ. ಸ್ಟೆಪ್ ಅನ್ನುವ ಇಂಥದೇ ಕೇಂದ್ರಗಳು ಮೈಸೂರಿನಲ್ಲಿ ಎಸ್‌ಜೆಸಿಇ ಕಾಲೇಜಿನಲ್ಲೂ ಸುರತ್ಕಲ್‌ನಲ್ಲಿ ಎನ್‌ಐಟಿಕೆಯಲ್ಲೂ ಇವೆ. ತಿಂಡಿ ತಿನಿಸು, ಸಂಸ್ಕರಿತ ಆಹಾರದ ತಂಡಕ್ಕೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಬಿಟ್ಟರೆ ಬೇರೆ ಮಾತಿಲ್ಲ. ಚಟ್ನಿಪುಡಿ ಎಷ್ಟು ದಿನ ಕೆಡದೆ ಇರುತ್ತದೆ ಅನ್ನುವ ಪ್ರಶ್ನೆಗೆ ಊಹೆಯ ಉತ್ತರ ಸಾಲದು, ಪರೀಕ್ಷೆ ಮಾಡಿಸಲೇಬೇಕು.

ಎಲ್ಲರೂ ಸ್ಟಾರ್ಟ್‌ಅಪ್ ಆಗಬೇಕಿಲ್ಲ. ಮೊಬೈಲ್ ರಿಪೇರಿ, ಹೊಲಿಗೆ, ಹೈನುಗಾರಿಕೆ, ಫೋಟೋಗ್ರಫಿ ಮಾಡಿ ಊರಲ್ಲೇ ನೆಲೆ ನಿಲ್ಲುವವರೂ ಉದ್ಯಮಿಗಳೇ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಇಂಥವರಿಗೆ ಊಟ ವಸತಿ ಸಹಿತ ಉಚಿತ ತರಬೇತಿ ಕೊಡುತ್ತಾ ಬಂದಿದೆ. ಅದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿಗಳು ಜಿಲ್ಲೆ ಜಿಲ್ಲೆಯಲ್ಲಿವೆ. ಕೊನೆಯ ಸೆಮಿಸ್ಟರ್ ಮುಗಿಸುವವರ ಕೈಗೆ ಆ ವಿಳಾಸ ಕೊಟ್ಟು ಕಳಿಸಿ.

ಹಂತ 10: ನಿಲ್ಲಿಸುವವರನ್ನೂ ಮರ್ಯಾದೆಯಿಂದ ಕಳಿಸಿಕೊಡಿ

ಹೆಚ್ಚಿನ ತಂಡಗಳು ನಿಲ್ಲುತ್ತವೆ. ನಿಲ್ಲುವುದಕ್ಕೂ ಒಂದು ಕ್ರಮ ಇರಲಿ. ಸಾಲ ತೀರಿಸಿ, ಬಾಕಿ ವಸೂಲು ಮಾಡಿ, ಉಳಿದ ಸರಕು ಮಾರಿ, ಏನು ಕಲಿತೆವು ಅಂತ ಒಂದು ಪುಟ ಬರೆದು ಸಹಿ ಹಾಕಿ ಹೋಗಬೇಕು. ಅಸಲು ವಾಪಸ್ ಕೊಡಲು ಆಗದವರನ್ನು ಎಲ್ಲರ ಮುಂದೆ ಕೇಳಬೇಡಿ. ಒಂದು ತಂಡಕ್ಕೆ 400 ರೂಪಾಯಿ ಕೊಡಲು ಆಗಲಿಲ್ಲ. ಅವರು ಮುಂದಿನ ಎರಡು ಸಂತೆಯಲ್ಲಿ ಡೆಸ್ಕ್ ಹಾಕುವ, ಕಸ ಗುಡಿಸುವ ಕೆಲಸ ತಾವಾಗಿಯೇ ಕೇಳಿ ಮಾಡಿದರು. ಲೆಕ್ಕದ ಪುಸ್ತಕದಲ್ಲಿ ಅದನ್ನು ಜಮಾ ಅಂತಲೇ ಬರೆದೆವು.

ಆ ಪುಟಗಳನ್ನೆಲ್ಲ ಒಂದು ಫೈಲಿನಲ್ಲಿ ಇಡಿ. ಪರೀಕ್ಷೆಗೆ ತಿಂಗಳಿರುವಾಗ ಕೊನೆಯ ವರ್ಷದವರು ಕೋಣೆಯ ಬೀಗದ ಕೈ, ಲೆಕ್ಕದ ಪುಸ್ತಕ, ಈ ಫೈಲು ಮೂರನ್ನೂ ಜೂನಿಯರುಗಳಿಗೆ ಒಪ್ಪಿಸಬೇಕು. ನಮ್ಮಲ್ಲಿ ಹೋದ ವರ್ಷ ಒಪ್ಪಿಸಿದವಳು ಆ ಮಜ್ಜಿಗೆ ತಂಡದ ಹುಡುಗಿ. ಫೈಲಿನ ಮೊದಲ ಪುಟಕ್ಕೆ 268 ರೂಪಾಯಿ ಲಾಭ ಅಂತ ಬರೆದಿದ್ದ ತನ್ನ ಹಳೆ ಲೆಕ್ಕವನ್ನೇ ಪಿನ್ ಮಾಡಿಟ್ಟಿದ್ದಳು. ಹೊಸ ಬ್ಯಾಚಿನ ಹುಡುಗರು ಬಂದ ದಿನ ಅದನ್ನೇ ಮೊದಲು ಓದಿದರು, ಓದಿ "ಐಸ್ ದುಡ್ಡು ಬರೆದಿಲ್ವಲ್ಲ ಅಕ್ಕ" ಅಂದರು.